ಬ್ರೆಡ್‌ಬೋರ್ಡಿನ ಬೆನ್ನು ಬಿಚ್ಚಿದ್ದು

ನಮ್ಮ ಮನೆತನಕ್ಕೆ ಡಿಗ್ರಿಯನ್ನು ಮೊದಲು ತಂದವಳು ನಾನು. ಹಾಗೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೊಳಕಾಲ್ಮೂರಿನಲ್ಲಿ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಆ ಮಗ್ಗದ ಸದ್ದಿನ ಪಕ್ಕದಲ್ಲೇ ಕೂತು ಓದಿ, ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಮುಗಿಸಿದೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ತಾತ್ಕಾಲಿಕ ಕೆಲಸ ಸಿಕ್ಕಿತು. ಮೊದಲ ದಿನ ನನ್ನ ಚೀಲದಲ್ಲಿ ಸರ್ಟಿಫಿಕೇಟುಗಳ ಜೊತೆ ಇದ್ದದ್ದು, ನಾನು ಓದುವಾಗ ಕೊಂಡಿದ್ದ ಒಂದು ಬ್ರೆಡ್‌ಬೋರ್ಡ್.

ಗೇಣುದ್ದದ ಬಿಳಿ ಪ್ಲಾಸ್ಟಿಕ್ ಹಲಗೆ, ಮೈತುಂಬ ಸಾಲು ಸಾಲು ತೂತು. ತೂತಿಗೆ ವೈರಿನ ತುದಿ ಚುಚ್ಚಿದರೆ ಒಳಗಿನ ಲೋಹದ ಕ್ಲಿಪ್ಪು ಅದನ್ನು ಕಚ್ಚಿಕೊಳ್ಳುತ್ತದೆ. ಬೆಸುಗೆ ಹಾಕದೆಯೇ ಸರ್ಕೀಟು ಕಟ್ಟಬಹುದು, ಬೇಡವೆಂದರೆ ಕಿತ್ತು ಇನ್ನೊಂದು ಕಟ್ಟಬಹುದು. ಕಚ್ಚಿಕೊಳ್ಳುವುದಷ್ಟೇ ಅದರ ಕೆಲಸ. ನಮ್ಮ ಲ್ಯಾಬಿನ ಬೋರ್ಡುಗಳಿಗೆ ಅದೊಂದು ಮಾತ್ರ ಬರುತ್ತಿರಲಿಲ್ಲ. ಚುಚ್ಚಿದ ವೈರು, ಬಲವಂತಕ್ಕೆ ಊಟಕ್ಕೆ ಕೂತ ನೆಂಟನ ಹಾಗೆ, ಯಾವಾಗ ಎದ್ದೇನು ಎಂದು ಕಾಯುತ್ತಿತ್ತು. ಯಾರದಾದರೂ ಮೊಣಕೈ ಟೇಬಲ್ಲಿಗೆ ತಗುಲಿದರೆ ಸಾಕು, ಉರಿಯುತ್ತಿದ್ದ ದೀಪ ಆರಿಹೋಗುತ್ತಿತ್ತು.

ಹಿಂದಿನ ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಊರಿಂದ ಬಂದ ಎಕ್ಸಾಮಿನರ್ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ "ಔಟ್‌ಪುಟ್ ಎಲ್ಲಮ್ಮಾ? ಔಟ್‌ಪುಟ್ ಎಲ್ಲಪ್ಪಾ?" ಎಂದು ಕೇಳಿದ್ದೇ ಕೇಳಿದ್ದು. ಸರ್ಕೀಟು ಸರಿಯಾಗಿಯೇ ಇತ್ತು, ಬೋರ್ಡು ಕೈಕೊಟ್ಟಿತ್ತು. ಅಂಕ ಹೋದದ್ದು ಮಾತ್ರ ಮಕ್ಕಳದ್ದು. ಗೌರಸಮುದ್ರ, ಕೊಂಡ್ಲಹಳ್ಳಿ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದವರು ಅವರು. ಬಹಳಷ್ಟು ಜನ ನನ್ನ ಹಾಗೆಯೇ ಮನೆಗೆ ಮೊದಲ ಡಿಗ್ರಿ ಒಯ್ಯಬೇಕಾದವರು. ಈ ವರ್ಷದ ಮಕ್ಕಳಿಗೆ ಹಾಗಾಗಬಾರದೆಂದು ನಾನು ಪಟ್ಟು ಹಿಡಿದೆ. ಪ್ರಿನ್ಸಿಪಾಲರು ಹೊಸ ಬೋರ್ಡು ತರಿಸಲು ಒಪ್ಪಿ, "ನೀವೇ ನೋಡಿ ತರಿಸಿ. ಆಮೇಲೆ ಬೋರ್ಡು ಸರಿಯಿಲ್ಲ ಅನ್ನೋ ಹಾಗಿಲ್ಲ" ಎಂದುಬಿಟ್ಟರು.

ನನ್ನ ಹಳೆಯ ಬೋರ್ಡು ಅಷ್ಟು ವರ್ಷವಾದರೂ ಮುದಿ ಮೊಸಳೆಯಂತೆ ಕಚ್ಚುತ್ತಿತ್ತು. ಅದಕ್ಕಾಗಿ ಮಕ್ಕಳು ಪಾಳಿ ಹಚ್ಚುತ್ತಿದ್ದರು. ಅದನ್ನು ಮಾಡಿದವರು ಯಾರೆಂದು ಗೊತ್ತಾದರೆ ಅವರಿಂದಲೇ ತರಿಸಬಹುದಿತ್ತು. ಆದರೆ ಅದರ ಮೇಲೆ ಇದ್ದದ್ದು ಮಾರಿದ ಅಂಗಡಿಯ ಚೀಟಿ ಮಾತ್ರ. ಆ ಅಂಗಡಿ ಇದ್ದ ಜಾಗದಲ್ಲಿ ಆಗಲೇ ಒಂದು ಬೇಕರಿ ಬಂದಿತ್ತು.

ಚಳ್ಳಕೆರೆಯಲ್ಲಿ ಇಂಥ ಸಾಮಾನಿಗೆ ಇದ್ದದ್ದು ಒಂದೇ ಅಂಗಡಿ. ಲ್ಯಾಬಿನ ಬೋರ್ಡುಗಳನ್ನು ಕೊಟ್ಟವರೂ ಅವರೇ. ಮಾಲೀಕರು ಹಣೆಗೆ ವಿಭೂತಿ ಹಚ್ಚಿಕೊಂಡು, ಗಲ್ಲಾದ ಹಿಂದೆ ಕಾಲು ಮಡಚಿ ಕೂರುತ್ತಿದ್ದರು. ಅವರ ಮಗಳು ನನ್ನ ಫೈನಲ್ ಇಯರ್ ವಿದ್ಯಾರ್ಥಿನಿ. ನನ್ನ ಬೋರ್ಡು ತೋರಿಸಿ ಕೇಳಿದೆ.

"ಇದಾ? ಇದಕ್ಕಿಂತ ಒಳ್ಳೇದು ಐತೆ ತಗೊಳ್ರಿ ಮೇಡಂ" ಎಂದು ಬೇರೆ ಬೇರೆ ಚೀಟಿ ಅಂಟಿಸಿದ ಮೂರು ಬೋರ್ಡುಗಳನ್ನು ಮುಂದಿಟ್ಟರು. "ಇದು ಬಾಂಬೆ ಮಾಲು, ಇದು ಡೆಲ್ಲಿ ಮಾಲು, ಇದು ಸ್ಪೆಷಲ್."

"ಮಾಡೋರು ಯಾರ್ರೀ ಇದನ್ನ?"

"ಮಾಲು ಎಲ್ಲಿಂದ ಬರ್ತೈತೆ ಅಂತ ಹೇಳ್ಬಿಟ್ರೆ, ನಾಳೆಯಿಂದ ನೀವು ನೇರ ಅಲ್ಲಿಗೇ ಹೋಗ್ತೀರಿ. ಆಮೇಲೆ ನಾನು ಇಲ್ಲಿ ಕೂತು ನೊಣ ಹೊಡೀಬೇಕಾ?"

'ಸ್ಪೆಷಲ್' ಒಂದನ್ನು ಕೊಂಡು, ನನ್ನ ಹಳೆಯದನ್ನೂ ಚೀಲಕ್ಕೆ ಹಾಕಿ, ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ನಮ್ಮ ಮನೆಯಲ್ಲಿ ಯಾವುದೇ ವಸ್ತು ಬಂದರೂ ಮೊದಲು ತಿರುವಿ ನೋಡಬೇಕು. ಸೀರೆಯ ಒಳಮೈ ನೋಡಿದರೆ ಯಾರ ಮನೆಯ ಮಗ್ಗದ್ದು ಎಂದು ಅವ್ವ ಹೇಳುತ್ತಿದ್ದಳು. ಆ ಚಟ ಬೆಳೆದು ಚಾಪೆ, ಕೊಡ, ಚಪ್ಪಲಿ, ಕೊನೆಗೆ ನನ್ನನ್ನು ನೋಡಲು ಬಂದಿದ್ದ ವರ ಕೂತ ಕುರ್ಚಿಯವರೆಗೂ ಹೋಗಿತ್ತು. ನಾನು ಬೋರ್ಡಿನ ಕಥೆ ಹೇಳಿದ ಕೂಡಲೇ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ತಿರುವಿ ನೋಡಿದ್ಯೇನೇ?"

ನನ್ನ ಹಳೆಯ ಬೋರ್ಡನ್ನು ತಿರುವಿದೆ. ಬೆನ್ನಿಗೆ ಒಂದು ದಪ್ಪ ಅಂಟುಹಾಳೆ. "ಅದನ್ನ ಬಿಚ್ಚು ಮತ್ತೆ. ಸೀರೆ ಮಡಿಕೆ ಬಿಚ್ಚದೆ ಒಳಮೈ ಕಾಣ್ತೈತಾ?" ಎಂದಳು. ನನಗೂ ಹೌದೆನ್ನಿಸಿತು. ಒಂದು ಮೂಲೆಗೆ ಉಗುರು ಹಾಕಿ ಎಳೆದೇಬಿಟ್ಟೆ.

ಬೋರ್ಡು ಸೀರೆಯಲ್ಲ. ಆ ಹಾಳೆಯೇ ಕ್ಲಿಪ್ಪುಗಳನ್ನು ಒಳಗೆ ಹಿಡಿದಿಟ್ಟಿತ್ತು. ಅರ್ಧ ಕ್ಲಿಪ್ಪು ಹಾಳೆಯ ಜೊತೆ ಎದ್ದು ಬಂದವು, ಉಳಿದರ್ಧ ಮಂಡಕ್ಕಿ ಚೆಲ್ಲಿದ ಹಾಗೆ ನೆಲದ ತುಂಬ ಚೆಲ್ಲಿ, ಅಪ್ಪ ಕಾಲಿಳಿಸಿ ಕೂರುವ ಮಗ್ಗದ ಗುಂಡಿಗೂ ಕೆಲವು ಇಳಿದವು.

"ಅಯ್ಯಯ್ಯೋ, ಕರುಳೇ ಕಿತ್ತುಬಿಟ್ಯಲ್ಲೇ!" ಎಂದು ಅವ್ವ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು.

ಅಪ್ಪ ಮಗ್ಗ ನಿಲ್ಲಿಸಿ ಗುಂಡಿಯೊಳಗಿಂದಲೇ ಒಂದು ಕ್ಲಿಪ್ಪು ಎತ್ತಿ ಕೊಟ್ಟ. "ಎಂ.ಎಸ್ಸಿ.ಲಿ ಇದನ್ನ ಕಲಿಸಲಿಲ್ವೇನವ್ವಾ?"

ಇಡೀ ಲ್ಯಾಬಿಗೆ ಇದ್ದ ಒಂದೇ ಒಳ್ಳೆಯ ಬೋರ್ಡು ಅದು. ಖಾಲಿಯಾದ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದೆ. ಒಳಗಿನ ಮೂಲೆಯಲ್ಲಿ ಅಚ್ಚಿನಲ್ಲೇ ಮೂಡಿದ ಎರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಹೇಗೂ ಒಂದು ಹಾಳಾಗಿದೆ, ಇನ್ನೊಂದೂ ಆಗಲಿ ಎಂದು 'ಸ್ಪೆಷಲ್' ಬೋರ್ಡಿನ ಬೆನ್ನನ್ನೂ ಬಿಚ್ಚಿದೆ. ಅದೇ ಎರಡು ಅಕ್ಷರ! ಅದೇ ನಕ್ಷತ್ರ!

ಒಳ್ಳೆಯದನ್ನೂ ಕೆಟ್ಟದ್ದನ್ನೂ ಮಾಡಿದವರು ಒಬ್ಬರೇ. ಬೇರೆ ಇದ್ದದ್ದು ಕ್ಲಿಪ್ಪು ಮಾತ್ರ. ಹಳೆಯದನ್ನು ಉಗುರಲ್ಲಿ ಅಗಲಿಸಿ ಬಿಟ್ಟರೆ ಟಪ್ಪನೆ ಮುಚ್ಚಿಕೊಳ್ಳುತ್ತಿತ್ತು. ಹೊಸದು ತೆಳ್ಳಗೆ, ಹಳದಿ. ಅಗಲಿಸಿದರೆ ಬಾಯಿ ಬಿಟ್ಟುಕೊಂಡೇ ಇರುತ್ತಿತ್ತು.

ಸೋಮವಾರ ಎರಡು ಪೊಟ್ಟಣ ಕ್ಲಿಪ್ಪು ಹಿಡಿದು ಮತ್ತೆ ಅಂಗಡಿಗೆ ಹೋದೆ. ತನ್ನಪ್ಪನಿಗೆ ಊಟದ ಡಬ್ಬಿ ತಂದಿದ್ದ ಮಾಲೀಕರ ಮಗಳೂ ಅಲ್ಲೇ ನಿಂತಿದ್ದಳು. ನಾನು ಎಲ್ಲ ಹೇಳಿ ಮುಗಿಸಿದರೂ ಮಾಲೀಕರು ಪಟ್ಟು ಬಿಡಲಿಲ್ಲ. "ನೋಡ್ರಿ ಮೇಡಂ, ಯಾಪಾರ ಅಂದ್ಮೇಲೆ ಕೆಲವು ಹೇಳಂಗಿರಲ್ಲ."

ಮಗಳು ಬಾಯಿ ಬಿಟ್ಟಳು. "ಅಪ್ಪಾ, ಪರೀಕ್ಷೇಲಿ ನಾನೂ ಇದೇ ಬೋರ್ಡಲ್ಲೇ ಕಟ್ಟಬೇಕು. ದೀಪ ಹತ್ತದೇ ಇದ್ರೆ ಎಕ್ಸಾಮಿನರ್‌ಗೆ ಏನು ಹೇಳ್ಲಿ? ಇದು ನಮ್ಮಪ್ಪ ಮಾರಿದ ಸ್ಪೆಷಲ್ ಮಾಲು ಸಾರ್ ಅಂತ ಹೇಳ್ಲಾ?"

"ಸುಮ್ನಿರೇ ನೀನು."

"ಹೇಳೇ ಹೇಳ್ತೀನಿ ನೋಡು."

ಮಾಲೀಕರು ಡಬ್ಬಿಯನ್ನು ನೋಡಿದರು, ಮಗಳನ್ನು ನೋಡಿದರು, ಫೋನು ಎಳೆದುಕೊಂಡರು. ಬೆಂಗಳೂರಿನ ಹೋಲ್‌ಸೇಲ್ ಅಂಗಡಿಯವನ ಜೊತೆ ಮಳೆ, ಶೇಂಗಾ, ಅವನ ತಮ್ಮನ ಮದುವೆ ಎಲ್ಲ ಮಾತಾಡಿ, ನಡುವೆ ಎಲ್ಲೋ ಆ ನಕ್ಷತ್ರದ ಗುರುತು ತೂರಿಸಿ, ಕಾರ್ಖಾನೆಯ ನಂಬರು ಕೀಳುವ ಹೊತ್ತಿಗೆ ಊಟ ಆರಿಹೋಗಿತ್ತು. "ಆದ್ರೆ ಆರ್ಡರ್ ನನ್ನ ಅಂಗಡಿ ಹೆಸರಲ್ಲೇ ಹೋಗ್ಬೇಕು" ಎಂದು ಕರಾರು ಹಾಕಿ ಫೋನು ನನ್ನ ಕೈಗೆ ಕೊಟ್ಟರು.

ಕಾರ್ಖಾನೆ ಇದ್ದದ್ದೂ ಬೆಂಗಳೂರಿನಲ್ಲೇ. ಫೋನೆತ್ತಿದ ಹಿರಿಯರು ಮೊದಲು ಗಂಟುಮುಖದ ದನಿಯಲ್ಲೇ ಮಾತಾಡಿದರು. ಅವರ ಕನ್ನಡದಲ್ಲಿ ತೆಲುಗು ಇಣುಕುತ್ತಿದ್ದುದನ್ನು ಕೇಳಿ ನಾನೂ ತೆಲುಗಿಗೆ ತಿರುಗಿದೆ. ಮೊಳಕಾಲ್ಮೂರಿನಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. "ಮೊಳಕಾಲ್ಮೂರಾ? ಮಾದಿ ರಾಯದುರ್ಗಂ ಅಮ್ಮಾ!" ಎಂದು ಅವರ ದನಿ ಅರಳಿತು. ಅವರದು ರಾಯದುರ್ಗ, ನಮ್ಮೂರಿಂದ ಆಂಧ್ರದ ಗಡಿ ದಾಟಿದರೆ ಸಿಗುವ ಊರು. ಆಮೇಲೆ ಮಾತು ಸಲೀಸಾಯಿತು.

"ಒಂದೇ ಬೋರ್ಡನ್ನ ಒಳ್ಳೇದೂ ಮಾಡ್ತೀರಿ, ಕೆಟ್ಟದ್ದೂ ಮಾಡ್ತೀರಲ್ಲ, ಯಾಕ್ರೀ?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ಅಚ್ಚು ಒಂದೇ ಅಮ್ಮಾ. ಕ್ಲಿಪ್ಪು ಮಾತ್ರ ಕೊಳ್ಳೋ ಪಾರ್ಟಿ ಕೇಳಿದ್ದು. ಫಾಸ್ಫರ್ ಬ್ರಾಂಜ್, ಅದೇ ಸ್ಪ್ರಿಂಗಿನ ಹಾಗೆ ಬಿಗಿ ಹಿಡಿಯೋ ಕಂಚು, ಅದನ್ನ ಹಾಕು ಅಂದ್ರೆ ಹಾಕ್ತೀನಿ. ಬರೀ ಹಿತ್ತಾಳೆ ಸಾಕು, ಅಗ್ಗಕ್ಕೆ ಬೇಕು ಅಂದ್ರೆ ಅದನ್ನ ಹಾಕ್ತೀನಿ. ಈಗೀಗ ಎಲ್ಲಾ ಅಗ್ಗದ್ದೇ ಕೇಳ್ತಾರೆ. ಒಳ್ಳೇದು ಬೇಕು ಅಂತ ಹೇಳಿದ್ರೆ ತಾನೇ ನಾನು ಕೊಡೋದು?"

ನಾನೂ ನಕ್ಕೆ. ಅಪ್ಪನೂ ಅಷ್ಟೇ ತಾನೇ? ನೇಯಿಸುವ ಸಾಹುಕಾರ ಅಸಲಿ ಜರಿ ಕೊಟ್ಟರೆ ಅಸಲಿ ಜರಿಯ ಸೀರೆ, ನಕಲಿ ಕೊಟ್ಟರೆ ನಕಲಿಯದು. ಮಗ್ಗವೂ ಅದೇ, ಕೈಯೂ ಅದೇ. ನೇಯ್ದವರು ಯಾರೆಂದು ಹುಡುಕಿಕೊಂಡು ಹೋದ ನಾನು, ನೇಯಿಸಿದವರು ಏನು ಹೇಳಿದ್ದರು ಎಂಬುದನ್ನು ಕೇಳಿರಲೇ ಇಲ್ಲ. "ಫಾಸ್ಫರ್ ಬ್ರಾಂಜೇ ಹಾಕಿ. ನನ್ನ ಮಕ್ಕಳ ಪರೀಕ್ಷೆ ಐತೆ" ಎಂದೆ.

ಪರೀಕ್ಷೆಗೆ ವಾರವಿದೆ ಎನ್ನುವಾಗ ಪಾರ್ಸೆಲ್ ಬಂತು. ಮಾಲೀಕರಿಗೆ ನಂಬಿಕೆ ಸಾಲದೆ, ನನ್ನೆದುರಿಗೇ ಒಂದು ಬೋರ್ಡಿನ ಬೆನ್ನಿಗೆ ಬ್ಲೇಡು ಹಾಕಿದರು. ಕ್ಲಿಪ್ಪುಗಳೆಲ್ಲ ಗಲ್ಲಾದ ಮೇಲೆ ಸುರಿದವು. "ಥೋ!" ಎಂದರು. ಒಂದನ್ನು ಅಗಲಿಸಿ ಬಿಟ್ಟು ನೋಡಿ, ಟಪ್ಪೆಂದಾಗ ಮುಖ ಅರಳಿಸಿದರು.

ಲ್ಯಾಬಿನಲ್ಲಿ ಈಗ ಬೇರೆಯೇ ಗಲಾಟೆ. "ಮೇಡಂ, ವೈರು ಒಳಗೇ ಹೋಗ್ತಿಲ್ಲ!" ಹೊಸ ಕ್ಲಿಪ್ಪಿನ ಬಿಗಿಗೆ ಸಣ್ಣ ವೈರುಗಳು ಸೊಟ್ಟಗಾಗುತ್ತಿದ್ದವು. ತುದಿ ನೆಟ್ಟಗೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಒತ್ತುವುದನ್ನು ಕಲಿಸಿದೆ. ಆ ವಾರವೆಲ್ಲ ಬೈದುಕೊಂಡೇ ಒತ್ತಿದರು.

ಪರೀಕ್ಷೆಯ ದಿನ ಎಕ್ಸಾಮಿನರ್ ಮೊದಲು ನಿಂತದ್ದು ಅಂಗಡಿಯವರ ಮಗಳ ಟೇಬಲ್ಲಿನ ಮುಂದೆ. ಅವಳು ಕಟ್ಟಿದ್ದು ಸಂಖ್ಯೆ ಎಣಿಸುವ ಸರ್ಕೀಟು. ಕೆಂಪು ದೀಪಗಳು ಒಂದಾದ ಮೇಲೊಂದು ಹತ್ತಿ ಆರುತ್ತಿದ್ದವು. ಎಕ್ಸಾಮಿನರ್ ಬೋರ್ಡನ್ನು ಎತ್ತಿ, ಮಗುಚಿ, ಅಲ್ಲಾಡಿಸಿದರು. ದೀಪಗಳು ತಲೆಕೆಳಗಾಗಿಯೇ ತಮ್ಮ ಪಾಡಿಗೆ ಎಣಿಸುತ್ತಿದ್ದವು.

"ಬೋರ್ಡು ಎಲ್ಲಿ ತಗೊಂಡ್ರಿ? ನಮ್ಮ ಕಾಲೇಜಲ್ಲಿ ಒಂದ್ರಲ್ಲೂ ವೈರು ನಿಲ್ಲಲ್ಲ" ಎಂದು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳು, "ನಮ್ಮಪ್ಪನ ಅಂಗಡೀಲಿ ಸಾರ್" ಎಂದಳು.

"ಅಂಗಡಿ ಯಾವುದಾದ್ರೂ ಇರ್ಲಿ ಸಾರ್, ಕ್ಲಿಪ್ಪು ಯಾವುದು ಅಂತ ಕೇಳಿ ತಗೊಳ್ಳಿ" ಎಂದೆ ನಾನು. ಅವರು ತಲೆಯಾಡಿಸಿ, ಅವಳ ಅಂಕ ಬರೆದುಕೊಂಡು, ಪಕ್ಕದ ಟೇಬಲ್ಲಿಗೆ ಹೋದರು. ಅಲ್ಲಿ ಕೊಂಡ್ಲಹಳ್ಳಿಯ ಹುಡುಗನ ದೀಪವೂ ಹತ್ತಿತ್ತು.