ತೊಟ್ಟಿಲಲ್ಲಿ ಉಳಿದ ಕಾಲು

ಮೆಲ್ಬರ್ನ್‌ನ ಟ್ರುಗನಿನಾಕ್ಕೆ ಬಂದ ಹೊಸತರಲ್ಲಿ, ಅರಿಶಿನ ಕುಂಕುಮಕ್ಕೆ ಬಂದಿದ್ದ ಆಂಟಿಯೊಬ್ಬರು ನನ್ನ ದೇವರ ಗೂಡಿಗೆ ಇಣುಕಿ ಮೂಗು ಮುರಿದರು. "ಅಯ್ಯೋ, ಇದೇನ್ರೀ, ತೊಟ್ಟಿಲಲ್ಲಿ ಬರೀ ಒಂದು ಕಾಲು? ಭಿನ್ನ ಆಗಿರೋದನ್ನ ಮನೇಲಿ ಇಟ್ಕೋಬಾರ್ದು. ನೀರಿಗೆ ಬಿಟ್ಬಿಡಿ." ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಕೈಲಿದ್ದ ಕುಂಕುಮದ ಬಟ್ಟಲನ್ನು ಅವರ ಮುಖಕ್ಕೇ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ನೀರಿಗೆ ಬಿಡುವ ಕೆಲಸವನ್ನು ಒಮ್ಮೆ ಮಾಡಿಯಾಗಿದೆ ಎಂದು ಹೇಳಲೂ ಇಲ್ಲ.

ಅದಕ್ಕೆ ಮೊದಲು ಸಿಡ್ನಿಯಲ್ಲಿ, ಹ್ಯಾರಿಸ್ ಪಾರ್ಕಿನ ರೆಂಟ್ ಮನೆಯಲ್ಲಿ, ಗಂಡನ ಹೊಡೆತ ತಿಂದುಕೊಂಡಿದ್ದೆ. ಹೊಡೆತ ಎಂದರೆ ಹೊಡೆತವೇ. ಬೆಣ್ಣೆ ಹಚ್ಚಿ ಹೇಳಲು ನನಗೆ ಬರುವುದಿಲ್ಲ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಬಾಸ್ ಬೈದ ದಿನ ಬೆಲ್ಟು, ಸಾರಿಗೆ ಉಪ್ಪು ಹೆಚ್ಚಾದ ದಿನ ಕಪಾಳಕ್ಕೆ. ಉಡುಪಿಗೆ ಫೋನ್ ಮಾಡಿದರೆ ಅಮ್ಮನದು ಒಂದೇ ರಾಗ: "ಗಂಡಸರಿಗೆ ಸಿಟ್ಟು ಬರ್ತದೆ ಮಗಾ. ಸ್ವಲ್ಪ ಸುಧಾರಿಸಿಕೊಂಡು ಹೋಗು. ಬಿಟ್ಟು ಬಂದ್ರೆ ಇಲ್ಲಿ ನಾವು ಮುಖ ಎತ್ತಿ ತಿರುಗುದು ಹೇಗೆ?"

ಹೋಗಲು ನನಗಿದ್ದದ್ದು ಒಂದೇ ಬಾಗಿಲು. ಎರಡು ಬೀದಿ ಆಚೆ, ನಾನು ಮನೆಗೆಲಸಕ್ಕೆ ಹೋಗುತ್ತಿದ್ದ ಬಿಳಿಯ ಅಜ್ಜಿಯದು. ಹಿಂದೊಮ್ಮೆ ಕಾನ್ವೆಂಟಿನಲ್ಲಿ ಸನ್ಯಾಸಿನಿಯಾಗಿದ್ದು, ಬಿಟ್ಟು ಬಂದವಳು. ನನ್ನ ತೋಳಿನ ಬಾಸುಂಡೆ ನೋಡಿ, "ಹಿಂದಿನ ಕೋಣೆ ಖಾಲಿ ಇದೆ, ಯಾವತ್ತು ಬೇಕಾದರೂ ಬಾ" ಎಂದು ಇಂಗ್ಲಿಷಿನಲ್ಲಿ ಹೇಳಿದ್ದಳು. ನನಗೇ ಧೈರ್ಯ ಬಂದಿರಲಿಲ್ಲ.

ಈಗ ನನ್ನಲ್ಲಿರುವ ತೊಟ್ಟಿಲು ಅವಳದೇ, ಕಾನ್ವೆಂಟಿನಿಂದ ಜೊತೆಗೆ ತಂದದ್ದು. ಗೇಣುದ್ದದ ಮರದ ತೊಟ್ಟಿಲು, ಅಂಚಿಗೆ ಪುಟ್ಟ ಗೆಜ್ಜೆಗಳು, ಆಗ ಅದರೊಳಗೆ ಬಿಳಿ ಜೇಡಿಮಣ್ಣಿನ ಬಾಲಯೇಸು. ಐನೂರು ವರ್ಷಗಳ ಹಿಂದೆ ಬೆಲ್ಜಿಯಂ ಕಡೆಯ ಕಾನ್ವೆಂಟೊಂದರಲ್ಲಿ, ಮಕ್ಕಳಿಲ್ಲದ ಸನ್ಯಾಸಿನಿಯರು ಅದಕ್ಕೆ ಅಂಗಿ ತೊಡಿಸಿ, ಜೋಗುಳ ಹಾಡಿ ತೂಗುತ್ತಿದ್ದರಂತೆ. ಅಷ್ಟಮಿಗೆ ಕೃಷ್ಣನ ತೊಟ್ಟಿಲು ತೂಗಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕೆ! ಕಣ್ಣಿನ ಆಪರೇಷನ್ನಿಗೆ ಹೋಗುವಾಗ ಅಜ್ಜಿ ಆ ಮಣ್ಣಿನ ಮಗುವನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಇದನ್ನು ಯಾರೂ ಒಂಟಿಯಾಗಿ ಬಿಟ್ಟಿಲ್ಲ. ನಾನು ಬರುವತನಕ ನಿನ್ನ ಹತ್ತಿರ ಇರಲಿ."

ಶನಿವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ ನನ್ನ ಕೃಷ್ಣನ ಪಕ್ಕ ಗಂಡ ಅದನ್ನು ಕಂಡ. "ಕಂಡೋರ್ ದೇವ್ರನ್ನ ತಂದು ಕೂರ್ಸಿದೀಯಾ? ಯಾರ್ನ ಕೇಳಿ ತಂದೆ?" ಜಡೆ ಹಿಡಿದು ಎಳೆದು ನನ್ನ ಹಣೆಯನ್ನು ಸಿಂಕಿನ ಅಂಚಿಗೆ ಬಡಿದ. ಇನ್ನೊಮ್ಮೆ ಬಡಿದ. ಹುಬ್ಬು ಸೀಳಿ ರಕ್ತ ಬಾಯಿಗಿಳಿಯಿತು. ಮೂರನೆಯ ಸಲಕ್ಕೆ ನನ್ನ ಕೈಗೆ ಸಿಕ್ಕಿದ್ದು ಆ ಮಗು. ಕಾಲು ಹಿಡಿದು ಬೀಸಿ ಅವನ ಕಿವಿಯ ಮೇಲೆ ಹೊಡೆದೆ. ಮಗುವಿನ ಕತ್ತು ಮುರಿಯಿತು. ಮತ್ತೆ ಹೊಡೆದೆ. ಅವನು ಕಿವಿ ಹಿಡಿದು ಕುಸಿದ ಮೇಲೂ, ಮುಷ್ಟಿಯಲ್ಲಿ ಏನೂ ಉಳಿಯದ ಮೇಲೂ ಹೊಡೆದೆ. ಹೊಡೆಯುತ್ತ ಸುಖವಾಯಿತು, ಅದನ್ನು ಯಾಕೆ ಮುಚ್ಚಿಡಲಿ? ಅವನು ಅಂಗಿಯೆಲ್ಲ ರಕ್ತ ಮಾಡಿಕೊಂಡು ಡಾಕ್ಟರ ಬಳಿ ಓಡಿದ.

ಚೂರು ಗುಡಿಸುವಾಗ ನಾನು ಹೆದರಿದ್ದು ಅವನಿಗಲ್ಲ. ದೇವರನ್ನು ಭಿನ್ನ ಮಾಡಿದ್ದೆ. ಭಿನ್ನವಾದ ವಿಗ್ರಹವನ್ನು ನಮ್ಮಲ್ಲಿ ಮನೆಯಲ್ಲಿಡುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗೂ ಇಲ್ಲ. ಹರಿಯುವ ನೀರಿಗೇ ಬಿಡಬೇಕು. ಆ ಮರ್ಯಾದೆಯನ್ನಾದರೂ ಮಾಡೋಣವೆಂದು ಚೂರುಗಳನ್ನು ಹೊಸ ಬಟ್ಟೆಯಲ್ಲಿ ಕಟ್ಟಿ, ಹೂವಿಟ್ಟು, ಪ್ಯಾರಮಟ್ಟಾ ನದಿಗೆ ಬಿಟ್ಟು ಕೈಮುಗಿದೆ. ಒಂದು ಕಾಲು ಮಾತ್ರ ಮರುದಿನ ಸಿಂಕಿನ ಪಾತ್ರೆಗಳಡಿ ಸಿಕ್ಕಿತು.

ಸೋಮವಾರ ಅಜ್ಜಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಿಂದ ತನ್ನ ಮನೆಗೆ ಬಂದಳು. ಅಲ್ಲಿಗೆ ಹೋಗಿ ಹೊಡೆದಾಟವನ್ನೂ ಮಗು ಮುರಿದದ್ದನ್ನೂ ಹೇಳಿದೆ.

"ಮುರಿದರೆ ಮುರಿಯಿತು. ಚೂರುಗಳೆಲ್ಲಿ?"

"ನದಿಗೆ ಬಿಟ್ಟೆ."

ಊದಿದ ನನ್ನ ಕೆನ್ನೆಗೇ ಫಟಾರನೆ ಬಿಗಿದಳು. "ಮುರಿದದ್ದನ್ನು ಎಸೆಯುತ್ತಾರೆಯೇ? ಅದರ ಕತ್ತು ಹಿಂದೆಯೇ ಎರಡು ಸಲ ಮುರಿದಿತ್ತು! ಸೈನಿಕರು ಕಾನ್ವೆಂಟಿಗೆ ನುಗ್ಗಿ ನೆಲಕ್ಕೆ ಬಡಿದಿದ್ದರು. ಪ್ರತಿ ಸಲವೂ ಚೂರು ಆರಿಸಿ, ಅಂಟಿಸಿ, ಅದೇ ತೊಟ್ಟಿಲಲ್ಲಿ ಮಲಗಿಸಿದರು." ಕುರ್ಚಿಯಲ್ಲಿ ಕುಸಿದು ಒಂದೇ ಕಣ್ಣಲ್ಲಿ ಅತ್ತಳು.

ಇದ್ದೊಂದು ಬಾಗಿಲೂ ಮುಚ್ಚಿತು ಎಂದುಕೊಂಡೆ. ಕಾಲನ್ನು ಪರ್ಸಿನಿಂದ ತೆಗೆದು ಟೇಬಲ್ಲಿನ ಮೇಲಿಟ್ಟು ಹೊರಟೆ.

"ಎಲ್ಲಿಗೆ?"

"ಮನೆಗೆ."

"ಅವನ ಹತ್ತಿರವೋ?"

"ಇನ್ನೆಲ್ಲಿಗೆ ಸಾಯಲಿ?" ಎಂದು ಕಿರುಚಿದೆ. ಸಿಟ್ಟೆಲ್ಲ ಅಮ್ಮನ ಮೇಲಿತ್ತು, ಬೈಗುಳ ತಿಂದವಳು ಅಜ್ಜಿ.

ಅವಳು ಕಾಲನ್ನೆತ್ತಿ ಮುತ್ತಿಟ್ಟಳು. ತೊಟ್ಟಿಲಲ್ಲಿ ಮಲಗಿಸಿ, ಬಟ್ಟೆ ಹೊದಿಸಿ, ತೊಟ್ಟಿಲನ್ನು ನನ್ನತ್ತ ತಳ್ಳಿದಳು.

"ಮೊದಲು ಇದನ್ನು ತೂಗು. ಆಮೇಲೆ ಹಿಂದಿನ ಕೋಣೆಯ ಹಾಸಿಗೆಗೆ ಬೆಡ್‌ಶೀಟ್ ಹಾಕಿಕೋ."

ಅವಳು ಕೊಟ್ಟ ಏಟಿಗೆ ಕೆನ್ನೆ ಇನ್ನೂ ಉರಿಯುತ್ತಿತ್ತು. ಕೂತು ತೂಗಿದೆ.