ಆಶಾನ್ ಕಲಿಯಲು ಹೋದ ದಿನ

ನಮ್ಮ ಕಡೆಯವರಿಗೆಲ್ಲ ಅಪ್ಪ ‘ಆಶಾನ್’. ಕೇರಳದಲ್ಲಿ ಡ್ರೈವಿಂಗ್ ಕಲಿಸುವವರನ್ನು ಹಾಗೆ ಕರೆಯುತ್ತಾರೆ, ಗುರುಗಳೇ ಎಂದಂತೆ. ತೋಲ್ಪೆಟ್ಟಿಯ ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಅಪ್ಪ ಎರಡರಲ್ಲೂ ಬೈಯುತ್ತಿದ್ದರು. ಮೂವತ್ತು ವರ್ಷ ಅವರು ಮಾಡಿದ ಕೆಲಸ ಅದೊಂದೇ: ಪಕ್ಕದ ಸೀಟಿನಲ್ಲಿ ಕೂತು, ಕಾಲ ಬಳಿ ಇರುವ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಇನ್ನೊಬ್ಬರಿಗೆ ಕಾರು ಓಡಿಸಲು ಕಲಿಸುವುದು. ಅವರ ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಅರ್ಜಿ ತುಂಬುತ್ತಿದ್ದೆ, ಟೆಸ್ಟಿನ ದಿನ ಕಲಿಯುವವರನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದೆ, ಕೆಲವೊಮ್ಮೆ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿರುತ್ತಿದ್ದೆ.

ಕೊನೆಯ ಎರಡು ವರ್ಷ ಅಪ್ಪ ಒಂದು ಹೊಸ ಕ್ರಮ ಹಿಡಿದಿದ್ದರು. ಕಲಿಯುವವರು ತಮಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು. “ಎಡಗಡೆ ಏನಿದೆ, ಹೇಳು.” “ನಾಯಿ, ಆಶಾನೇ.” “ಬಲಗಡೆ?” “ಒಬ್ಬಳು ಅಮ್ಮ, ತಲೆ ಮೇಲೆ ಹುಲ್ಲಿನ ಹೊರೆ.” ಹೀಗೆ ದಾರಿಯುದ್ದಕ್ಕೂ. ಗಮನ ಕೂಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ನಾನೇ ಎಲ್ಲರ ಮುಂದೆ ಹೊಗಳುತ್ತಿದ್ದೆ.

ಆಗ ಕಲಿಯಲು ಬಂದವಳು ತಿರುನೆಲ್ಲಿ ಕಡೆಯ ಕಾಡಂಚಿನ ಆದಿವಾಸಿ ಹಾಡಿಯ ಒಬ್ಬ ಹೆಂಗಸು. ಅವರ ಹಾಡಿಯಲ್ಲಿ ಅದುವರೆಗೆ ಯಾವ ಹೆಂಗಸೂ ಸ್ಟೇರಿಂಗ್ ಹಿಡಿದಿರಲಿಲ್ಲ. ಹಾಡಿಯ ಮಕ್ಕಳನ್ನು ಶಾಲೆಗೆ ಒಯ್ಯುವ ಜೀಪಿನ ಡ್ರೈವರ್ ಕೆಲಸ ಬಿಡುವವನಿದ್ದ. ಲೈಸೆನ್ಸ್ ಸಿಕ್ಕರೆ ಆ ಕೆಲಸ ನಿನಗೇ ಎಂದು ಅವಳಿಗೆ ಮಾತು ಕೊಟ್ಟಿದ್ದರು. ಅವಳು ಬರಿಗಾಲಲ್ಲಿ ಓಡಿಸುತ್ತಿದ್ದಳು. ಚಪ್ಪಲಿ ಹಾಕಿದರೆ ಕ್ಲಚ್ ಎಷ್ಟು ಒತ್ತಿದೆ ಎಂದು ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು. ಅಪ್ಪ ಯಾರನ್ನೂ ಸುಲಭವಾಗಿ ಮೆಚ್ಚಿದವರಲ್ಲ. ಆದರೂ ಒಂದು ಸಂಜೆ ಅಮ್ಮನ ಹತ್ತಿರ, “ಇವಳ ಕಾಲಿಗೆ ಕಿವಿ ಇದೆ,” ಎಂದಿದ್ದರು.

ಪಯ್ಯಂಪಳ್ಳಿಯಲ್ಲಿ ಚರ್ಚಿನ ಇಳಿಜಾರು ಮುಗಿಯುವಲ್ಲಿ ಒಂದು ಸಣ್ಣ ಅಡ್ಡದಾರಿ ಬಂದು ಸೇರುತ್ತದೆ. ಅವಳು ಕಾರು ಓಡಿಸುತ್ತಿದ್ದ ಒಂದು ಬೆಳಿಗ್ಗೆ ಅಲ್ಲಿ ಎಡದಿಂದ ಒಂದು ಸ್ಕೂಟರ್ ಬಂತು. ನಾನು ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡುತ್ತಿದ್ದೆ. ಸದ್ದಾದ ಮೇಲೆಯೇ ತಲೆ ಎತ್ತಿದ್ದು. ಸ್ಕೂಟರಿನವರು ಚರಂಡಿಯಲ್ಲಿ ಬಿದ್ದಿದ್ದರು, ಅವರ ಪಾದದ ಮೂಳೆ ಮುರಿದಿತ್ತು. ಅಪ್ಪ ಕಾರಿನಿಂದ ಇಳಿದವರೇ ಆ ಹೆಂಗಸಿನ ಕಡೆ ತಿರುಗಿ, “ಕಣ್ಣೆಲ್ಲಿತ್ತು ನಿನಗೆ?” ಎಂದು ಕೂಗಿದರು. ಅವಳು ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಮರುದಿನದಿಂದ ಬರಲಿಲ್ಲ. ಜೀಪು ಬೇರೆ ಯಾರಿಗೋ ಹೋಯಿತು.

ಅದಾಗಿ ಎಂಟು ತಿಂಗಳಿಗೆ ಹೊರಗಿನ ಕಾರುಪ್ರಿಯರ ಒಂದು ಗುಂಪು ಮಾನಂದವಾಡಿಯ ಆಚೆ, ಒಂದು ಖಾಸಗಿ ಜಾಗದಲ್ಲಿ, ಹೊಸಬರಿಗಾಗಿ ‘ಟ್ರ್ಯಾಕ್ ಡೇ’ ಇಟ್ಟುಕೊಂಡಿತು. ಡಾಂಬರು ಹಾಕಿದ ಸುತ್ತುದಾರಿ, ಸ್ಪರ್ಧೆ ಇಲ್ಲ. ಸ್ವಂತ ಕಾರು ತರಬಹುದು, ಪಕ್ಕದಲ್ಲಿ ಅನುಭವಿಗಳು ಕೂತು ತಿರುವಿನಲ್ಲಿ ಹೇಗೆ ಹೋಗಬೇಕೆಂದು ಹೇಳಿಕೊಡುತ್ತಾರೆ. ಅಪ್ಪ ಜೀವನವಿಡೀ ನಲವತ್ತು ದಾಟದ ವೇಗದಲ್ಲಿ ಕೂತು ಬಂದವರು. ಟೀವಿಯಲ್ಲಿ ರೇಸ್ ಬಂದರೆ ಮಾತ್ರ ಊಟ ಮರೆಯುತ್ತಿದ್ದರು. ನಾನು ಅವರಿಗೆ ಹೇಳದೆ ಇಬ್ಬರ ಹೆಸರೂ ಕೊಟ್ಟೆ.

“ಮೂವತ್ತು ವರ್ಷ ಕಲಿಸಿದವನು ಈಗ ಕಲಿಯೋರ ಸಾಲಲ್ಲಿ ನಿಲ್ಬೇಕಾ ಮೋಳೇ?” ಎಂದರು. ಮಗಳೇ ಎನ್ನಲು ಅವರಿಗೆ ಮಲಯಾಳದ ಆ ಮಾತೇ ಬಾಯಿಗೆ ಬರುತ್ತಿತ್ತು. ಒಂದು ವಾರ ಬೇಡ ಬೇಡ ಎಂದರು. ಆಮೇಲೆ ಒಪ್ಪಿದರು. ಆ ಬೇಡ ಯಾಕೆಂದು ನಾನು ಕೇಳಲಿಲ್ಲ. ಬಿಗುಮಾನ ಎಂದುಕೊಂಡೆ.

ಅಪ್ಪನ ಪಕ್ಕ ಕೂರಲು ಬಂದವರು ಮೈಸೂರಿನ ಕಡೆಯ ಒಬ್ಬ ಮಹಿಳೆ. ಕೂದಲು ಅರ್ಧ ನರೆತಿತ್ತು, ಮಾತು ಮೆತ್ತಗಿತ್ತು. ಶುರುವಿಗೆ ಎಲ್ಲರನ್ನೂ ಕೂರಿಸಿ ಬಾವುಟಗಳ ಅರ್ಥ ಹೇಳಿದರು: ಹಳದಿ ಕಂಡರೆ ನಿಧಾನ, ಕೆಂಪು ಕಂಡರೆ ಎಲ್ಲರೂ ಓಟ ನಿಲ್ಲಿಸಿ ವಾಪಸ್. ನಮ್ಮದು ಸ್ಕೂಲಿನ ಕಾರೇ. ಪಕ್ಕದ ಸೀಟಿನ ಬ್ರೇಕ್ ನೋಡಿ ಅವರು, “ಇದು ನನಗೆ ಒಳ್ಳೇದೇ ಆಯ್ತು ಸರ್,” ಎಂದು ನಕ್ಕರು. ಅಪ್ಪನೂ ನಕ್ಕರು.

ನಾನು ನನ್ನ ಸರದಿಗಾಗಿ, ಗೋಡೆಯಂತೆ ಪೇರಿಸಿದ ಟೈರುಗಳ ಹಿಂದೆ ನಿಂತಿದ್ದೆ. ಮೊದಲ ಎರಡು ಸುತ್ತು ಅಪ್ಪ ಚೆನ್ನಾಗಿ ಹೋದರು. ಮೂರನೆಯದರಲ್ಲಿ ಮುಂದಿದ್ದ ಒಬ್ಬ ಹೊಸಬನ ಕಾರು ತಿರುವಿನಲ್ಲಿ ಗಿರಕಿ ಹೊಡೆದು ಎಡದಂಚಿಗೆ ನಿಂತುಹೋಯಿತು. ದಾರಿಯ ಪಕ್ಕದಿಂದ ಕೆಂಪು ಬಾವುಟ ಬೀಸಿದರು. ಎಲ್ಲ ಕಾರುಗಳೂ ನಿಧಾನಿಸಿದವು. ಹೊಳೆಯುವ ಕೋಟು ತೊಟ್ಟ ಒಬ್ಬ ಕೆಲಸಗಾರ ನಿಂತ ಕಾರಿನತ್ತ ನಡೆದ. ಅಪ್ಪನ ಕಾರು ಮಾತ್ರ ಅದೇ ವೇಗದಲ್ಲಿ ಬರುತ್ತಿತ್ತು. ನಾನು ಕೂಗಿದೆ, ಹೆಲ್ಮೆಟ್ ಹಾಕಿದವರಿಗೆ ಅದು ಎಲ್ಲಿ ಕೇಳಬೇಕು. ಆಮೇಲೆ ಟೈರು ಕಿರುಚಿದ ಸದ್ದು. ಕಾರು ಅಡ್ಡ ತಿರುಗಿ ನಿಂತಿತು. ಆ ಕೆಲಸಗಾರನಿಗೂ ಬಂಪರಿಗೂ ನಡುವೆ ಒಂದು ಮಂಚ ಹಾಕುವಷ್ಟು ಜಾಗವಿತ್ತು. ಬ್ರೇಕ್ ಒತ್ತಿದ್ದು ಅಪ್ಪನಲ್ಲ, ಆ ಮಹಿಳೆ.

ಅವರು ಅಪ್ಪನನ್ನು ನೆರಳಿಗೆ ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರು. ಬೈಯಲಿಲ್ಲ. ಎದುರಿಗೆ ನಿಂತು, “ಸರ್, ನನ್ನ ಮೂಗನ್ನೇ ನೋಡಿ. ನನ್ನ ಕೈಯಲ್ಲಿ ಎಷ್ಟು ಬೆರಳು?” ಎಂದು ಎರಡು ಕೈಗಳನ್ನೂ ಪಕ್ಕಕ್ಕೆ ಚಾಚಿದರು.

ಅಪ್ಪ ಮೂಗನ್ನೇ ನೋಡುತ್ತಿದ್ದರು. “ಯಾವ ಕೈ?” ಎಂದರು.

ಅವರು ಕೈಗಳನ್ನು ನಿಧಾನವಾಗಿ ಒಳಗೆ, ಇನ್ನೂ ಒಳಗೆ ತಂದರು. ಬಹುತೇಕ ಕೆನ್ನೆಯ ಹತ್ತಿರ ಬಂದಾಗ ಅಪ್ಪ, “ಮೂರು,” ಎಂದರು.

“ಯಾವಾಗಿಂದ ಗೊತ್ತು ನಿಮಗೆ?” ಎಂದು ಆಕೆ ಕೇಳಿದರು.

ಅಪ್ಪ ಅವರ ಕಡೆಯಿಂದ ಮುಖ ತಿರುಗಿಸಿದರು. ನನ್ನ ಕಡೆ ನೋಡಿ, “ಎರಡು ವರ್ಷ ಆಯ್ತು,” ಎಂದರು. ಕಣ್ಣಿನೊಳಗಿನ ಒತ್ತಡವಂತೆ. ನಡುವಿನದು ಸರಿಯಾಗಿ ಕಾಣುತ್ತದೆ, ಗೋಡೆಯ ಮೇಲಿನ ಅಕ್ಷರ ಓದಲೂ ಬರುತ್ತದೆ. ಅಂಚುಗಳು ಮಾತ್ರ ಸ್ವಲ್ಪ ಸ್ವಲ್ಪವೇ ಹೋಗುತ್ತವೆ. ಡಾಕ್ಟರು ಕೊಟ್ಟ ಹನಿಮದ್ದನ್ನು ಅವರು ನಾವ್ಯಾರೂ ಇಲ್ಲದಾಗ ಹಾಕಿಕೊಳ್ಳುತ್ತಿದ್ದರು.

ಎರಡು ವರ್ಷ ಎಂದ ಕೂಡಲೇ ನನಗೆ ಎಲ್ಲ ತಿಳಿಯಿತು. ಎಡಗಡೆ ಏನಿದೆ ಹೇಳು. ಬಲಗಡೆ ಏನಿದೆ ಹೇಳು. ಅದು ಪಾಠವಾಗಿರಲಿಲ್ಲ. ಕಲಿಯಲು ಬಂದವರ ಕಣ್ಣಿನಲ್ಲಿ ಅಪ್ಪ ದಾರಿ ನೋಡುತ್ತಿದ್ದರು.

ನನ್ನ ಸರದಿ ಬಂದಾಗ ಹೆಸರು ಕೂಗಿದರು. ನಾನು ಹೋಗಲಿಲ್ಲ. ಮನೆಗೆ ನಾನೇ ಕಾರು ಓಡಿಸಿದೆ. ಕಾಟಿಕುಳಂ ದಾಟಿ ಕಾಡು ಶುರುವಾದಾಗ ಕೇಳಿದೆ.

“ನನಗಾದ್ರೂ ಹೇಳ್ಬಹುದಿತ್ತಲ್ಲ ಅಪ್ಪಾ.”

“ಹೇಳಿದ್ರೆ ನೀನು ಬೀಗದ ಕೈ ಕಿತ್ಕೊಳ್ತಿದ್ದೆ.”

“ಹೌದು, ಕಿತ್ಕೊಳ್ತಿದ್ದೆ.”

“ಅದಕ್ಕೇ,” ಎಂದರು.

ಮರುದಿನ ಬೆಳಿಗ್ಗೆ ಅವರೇ ಏಣಿ ಇಟ್ಟು ಸ್ಕೂಲಿನ ಬೋರ್ಡು ಇಳಿಸಿದರು. ಅರ್ಧ ಕಲಿತಿದ್ದವರನ್ನೆಲ್ಲ ಬೇರೆ ಸ್ಕೂಲಿಗೆ ಸೇರಿಸಿದೆ. ನಾಲ್ಕು ದಿನ ಅಪ್ಪ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ, “ಆ ಹಾಡಿ ಹುಡುಗಿಯ ಹತ್ರ ಹೋಗ್ಬೇಕು,” ಎಂದರು. ಮೊದಲು ಸ್ಕೂಟರಿನವರ ಮನೆಗೆ ಹೋದೆವು. ಅವರ ಕಾಲು ಕೂಡಿಕೊಂಡಿತ್ತು, ಸಿಟ್ಟು ಹೋಗಿರಲಿಲ್ಲ. ಅಪ್ಪ ತಪ್ಪೊಪ್ಪಿಕೊಂಡದ್ದನ್ನು ಬಾಗಿಲಲ್ಲೇ ಕೇಳಿಸಿಕೊಂಡು ಒಳಗೆ ನಡೆದರು. ಅಲ್ಲಿಂದ ಹಾಡಿಗೆ.

ಅವಳು ಕಾಫಿ ತೋಟದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ನಮ್ಮನ್ನು ಕಂಡು ಚಾಪೆ ಹಾಸಿದಳು, ಕರಿಕಾಪಿ ತಂದಳು. ಅಪ್ಪ ಲೋಟ ಮುಟ್ಟದೆ, ನಿಂತುಕೊಂಡೇ ಎಲ್ಲ ಹೇಳಿದರು. ತನಗೆ ಪಕ್ಕದ್ದು ಕಾಣುತ್ತಿರಲಿಲ್ಲವೆಂದು, ಬ್ರೇಕ್ ಒತ್ತಬೇಕಾದವನು ತಾನೆಂದು, ತಪ್ಪನ್ನು ಅವಳ ಮೇಲೆ ಹಾಕಿದೆನೆಂದು.

ಅವಳು ಅಂಗಳದ ಕಡೆ ಮುಖ ಮಾಡಿದಳು. “ನಾ ಸ್ಕೂಟರ್ ಕಂಡಿದ್ದೆ ಆಶಾನೇ,” ಎಂದಳು. “ಹೇಳಾಕೆ ನಾಲಿಗೆ ಬರ್ಲಿಲ್ಲ. ಪಕ್ಕದಾಗೆ ನೀವಿದ್ರಲ್ಲ, ನೀವು ಬ್ರೇಕ್ ಒತ್ತುತೀರಿ ಅಂತ ಸುಮ್ಮನಿದ್ದೆ.”

ಅಪ್ಪ ಅಲ್ಲೇ ಚಾಪೆಯ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವಳು, “ಸಾರಮಿಲ್ಲ, ಸಾರಮಿಲ್ಲ,” ಎಂದಳು. ಪರವಾಗಿಲ್ಲ ಎಂದು. ಆ ಮಾತು ಹೇಳುವಾಗ ಅವಳ ಮುಖ ಕಲ್ಲಿನಂತಿತ್ತು.

ಬೇರೆ ಸ್ಕೂಲಿಗೆ ನಾನೇ ಸೇರಿಸುತ್ತೇನೆ, ದಿನಾ ಬಂದು ಕರೆದೊಯ್ಯುತ್ತೇನೆ ಎಂದೆ. “ಬೇಡ ಚೇಚಿ,” ಎಂದಳು, ಅಕ್ಕನನ್ನು ಕರೆಯುವಂತೆ. “ಅಂಥಾ ಸೀಟಲ್ಲಿ ಕೂತ್ರೆ ಕಾಲು ನಡುಗ್ತದೆ. ಮಕ್ಕಳನ್ನ ಕೂರಿಸ್ಕೊಂಡು ಓಡಿಸೋ ಕಾಲಲ್ಲ ಇದು ಈಗ.”

ಅಪ್ಪನ ಕಣ್ಣಿನಲ್ಲಿ ಹೋದದ್ದು ಬರುವುದಿಲ್ಲ, ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದಾರೆ. ಈಗ ಹನಿಮದ್ದನ್ನು ಅಮ್ಮ ಹಾಕುತ್ತಾರೆ. ಹಾಡಿಯ ಆ ಹೆಂಗಸನ್ನು ನಾನು ಆಗೀಗ ಕಾಟಿಕುಳಂ ಬಸ್ ನಿಲ್ದಾಣದಲ್ಲಿ ಕಾಣುತ್ತೇನೆ. ಕಾರು ನಿಲ್ಲಿಸಿ, ಹತ್ತಿಕೋ ಎನ್ನುತ್ತೇನೆ. ಬಸ್ಸು ಈಗ ಬರ್ತದೆ ಚೇಚಿ, ನೀವು ಹೋಗಿ, ಎನ್ನುತ್ತಾಳೆ. ನಾನು ಹೋಗುತ್ತೇನೆ.