ರಸ್ತೆ ಕಾಣುವ ಕಾರು

ಗುಡ್ಡದ ನೆತ್ತಿಯಲ್ಲಿ ಬ್ಯಾಟರಿ ಮುಗಿದು ಕಾರು ನಿಂತುಬಿಡಬಹುದಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲದಿರಬಹುದಿತ್ತು. ಸಿಗ್ನಲ್ ಇದ್ದು, ಅದೇ ಹೊತ್ತಿಗೆ ನಾನು ಸ್ನಾನಕ್ಕೆ ಹೋಗಿರಬಹುದಿತ್ತು. ಹಿಮ ಬೀಳಬಹುದಿತ್ತು, ಹಿಮವಿಲ್ಲದಿದ್ದರೆ ಮಂಜು, ಮಂಜೂ ಇಲ್ಲದಿದ್ದರೆ ರಸ್ತೆಯ ಮೇಲೆ ಕಣ್ಣಿಗೆ ಬೀಳದ ತೆಳ್ಳನೆಯ ಐಸು. ಕಲ್ಲುಗೋಡೆ ಹಾರಿಬಂದ ಕುರಿಯೊಂದು ನಡುರಸ್ತೆಯಲ್ಲಿ ನಿಂತು ಯೋಚನೆ ಮಾಡುತ್ತಿರಬಹುದಿತ್ತು. ಹಿಂದಿನ ಲಾರಿಯವನು ತಾಳ್ಮೆಗೆಟ್ಟು ಲೈಟು ಹೊಡೆದು, ನನ್ನ ಹೆಂಡತಿ ಗಾಬರಿಬಿದ್ದು ಎಡಕ್ಕೆ ಎಳೆದು, ಎಡಗಡೆಯ ಚಕ್ರ ಚರಂಡಿಗೆ ಇಳಿಯಬಹುದಿತ್ತು. ರೌಂಡಬೌಟಿನಲ್ಲಿ ತಪ್ಪು ದಾರಿ ಹಿಡಿದು ಮ್ಯಾಂಚೆಸ್ಟರ್ ಕಡೆ ಹೋಗಿಬಿಡಬಹುದಿತ್ತು. ಹೋದವಳು ಅಲ್ಲೇ ನೆಮ್ಮದಿಯಾಗಿದೆ ಎಂದು ಉಳಿದುಬಿಡಬಹುದಿತ್ತು. ಚಾರ್ಜಿಂಗ್ ಕೇಬಲ್ ತೆಗೆಯಲು ಮರೆತು ಬಾಲದ ಹಾಗೆ ಎಳೆದುಕೊಂಡು ಹೋಗಬಹುದಿತ್ತು. ಕೇಬಲ್ ಸಿಕ್ಕಿಸಿದ್ದರೆ ಕಾರು ಜಾಗ ಬಿಟ್ಟು ಕದಲುವುದೇ ಇಲ್ಲ ಎಂದು ನನಗೆ ಗೊತ್ತು. ಆದರೆ ನನಗೆ ಗೊತ್ತಿರುವ ವಿಷಯಗಳಿಗೂ ನನ್ನ ಚಿಂತೆಗಳಿಗೂ ಮೊದಲಿನಿಂದಲೂ ಮಾತುಕತೆ ಇಲ್ಲ.

ಇಷ್ಟೂ ಆಗಬಹುದಾಗಿದ್ದು ಒಂದು ನವೆಂಬರ್ ತಿಂಗಳ ಸೋಮವಾರ ಬೆಳಗಿನ ಜಾವ, ನನ್ನ ಹೆಂಡತಿ ಮೊದಲ ಸಲ ಒಬ್ಬಳೇ ಕಾರು ಓಡಿಸಿಕೊಂಡು ಹಡರ್ಸ್‌ಫೀಲ್ಡಿನ ನಮ್ಮ ಮನೆಯಿಂದ ಶೆಫೀಲ್ಡಿನ ಬ್ರೂಮ್‌ಹಿಲ್ ಹತ್ತಿರದ ಆಸ್ಪತ್ರೆಗೆ ಹೊರಟಾಗ.

ನನ್ನ ಹೊಟ್ಟೆಪಾಡೂ ಚಿಂತೆಯದೇ. ಲೀಡ್ಸಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು ನಾನು. ಬೇರೆಯವರು ಕಟ್ಟಿದ್ದು ಎಲ್ಲೆಲ್ಲಿ ಕುಸಿಯಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಆಫೀಸಿನಲ್ಲಿ ಇದನ್ನು ಕೌಶಲ ಎನ್ನುತ್ತಾರೆ. ಮನೆಯಲ್ಲಿ ಅನ್ನುವುದು ಬೇರೆ.

ಹೆಂಡತಿ ಹುಬ್ಬಳ್ಳಿಯವಳು, ಫಿಸಿಯೋಥೆರಪಿಸ್ಟ್. ಬಿದ್ದು ಸೊಂಟ ಮುರಿದುಕೊಂಡವರನ್ನು, ಲಕ್ವ ಹೊಡೆದವರನ್ನು ಮತ್ತೆ ಎಬ್ಬಿಸಿ ನಡೆಸುವ ಕೆಲಸ. ಈ ದೇಶಕ್ಕೆ ಬಂದ ಮೇಲೆ ನನ್ನ ಕೆಲಸ ಊರಿಂದೂರಿಗೆ ಅಲೆಯಿತು, ಅದರ ಹಿಂದೆ ನಾವೂ ಅಲೆದೆವು; ನಡುವೆ ಮಗಳು ಹುಟ್ಟಿದಳು. ಹೆಂಡತಿಯ ಕೆಲಸ ಮಾತ್ರ ಹುಬ್ಬಳ್ಳಿಯಲ್ಲೇ ಉಳಿಯಿತು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಇವಳು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದಿ, ಇಲ್ಲಿನ ನೋಂದಣಿ ಪಡೆದು, ಅರ್ಜಿ ಮೇಲೆ ಅರ್ಜಿ ಹಾಕಿದಳು; ಕೊನೆಗೊಂದು ಆಸ್ಪತ್ರೆ ಬಾ ಎಂದಿತು. ಆದರೆ ಅದು ಶೆಫೀಲ್ಡಿನಲ್ಲಿ, ನಡುವೆ ಗುಡ್ಡ. ರೈಲಿದೆ. ಬೆಳಿಗ್ಗೆ ಆ ರೈಲು ಅಲ್ಲಿಗೆ ತಲುಪುವ ಹೊತ್ತಿಗೆ ಅವಳ ಮೊದಲ ರೋಗಿ ಎದ್ದು ಕೂತಿರಬೇಕು.

ಅವಳಿಗೆ ಲೈಸೆನ್ಸ್ ಇತ್ತು. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸು ಮಾಡಿದ್ದರಿಂದ ಇಲ್ಲಿನ ಕಾನೂನಿನಂತೆ ಗೇರಿನ ಕಾರು ಮುಟ್ಟುವ ಹಾಗಿರಲಿಲ್ಲ, ಮನೆಯಲ್ಲಿದ್ದ ನನ್ನ ಹಳೆಯ ಕಾರು ಗೇರಿನದು. ಹೀಗಾಗಿ ಅವಳ ಲೈಸೆನ್ಸ್ ಪರ್ಸಿನಲ್ಲೇ ಓಡಾಡುತ್ತಿತ್ತು. ಆಸ್ಪತ್ರೆಯವರು ಉತ್ತರ ಕೊಡಲು ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಅವಳು ನನಗೆ ಹೇಳಿದ್ದು ಇಷ್ಟೇ: "ಒಬ್ಬಾಕಿನ ಕೂತು ಓಡಸಾಕ ಧೈರ್ಯ ಬರೋ ಅಂಥಾ ಕಾರು ಸಿಕ್ರ ಹೂಂ ಅಂತೀನಿ. ಇಲ್ಲಂದ್ರ ಒಲ್ಲೆ ಅಂತ ತಿಳಸ್ತೀನಿ. ನೀವು ದಿನಾ ಬಿಟ್ಟು ಬರೋದು ಅದೆಲ್ಲ ಆಗೂ ಮಾತಲ್ಲ."

ಒಲ್ಲೆ ಎಂದರೆ ಮತ್ತೆ ಇಂಥದ್ದು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಗೇರಿಲ್ಲದ ಸಣ್ಣ ಎಲೆಕ್ಟ್ರಿಕ್ ಕಾರೇ ಸರಿ ಎಂದು ತೀರ್ಮಾನವಾಯಿತು. ಅದರಲ್ಲಿ ಒಂದು ಮಾದರಿ ಎರಡು ರೂಪದಲ್ಲಿ ಸಿಗುತ್ತಿತ್ತು. ಒಂದು ಹಳೆಯದು, ಯಾರೋ ನಾಲ್ಕಾರು ವರ್ಷ ಓಡಿಸಿ ಬಿಟ್ಟಿದ್ದು. ಇನ್ನೊಂದು ಅದೇ ಕಾರನ್ನು ಕಂಪನಿಯವರು ತಿದ್ದಿ ಹೊರತಂದಿದ್ದು: ಬ್ಯಾಟರಿ ದೊಡ್ಡದು, ಮುಖ ಬೇರೆ, ಒಳಗೆ ದೊಡ್ಡ ಸ್ಕ್ರೀನು, ಜೊತೆಗೆ ಮುಂದಿನ ವಾಹನ ಕಂಡು ತಾನೇ ಬ್ರೇಕ್ ಹಾಕುವ, ಲೇನ್ ತಪ್ಪಿದರೆ ಎಚ್ಚರಿಸುವ ಬುದ್ಧಿ. ಮೂರು ವಾರ ನಾನು ಈ ಎರಡರ ನಡುವೆ ಮಲಗಿ ಎದ್ದೆ. ಹಳೆಯದರ ಬ್ಯಾಟರಿ ಚಳಿಯಲ್ಲಿ ಕುಗ್ಗುತ್ತದೆ, ಹೀಟರ್ ಹಾಕಿದರೆ ಇನ್ನೂ ಕುಗ್ಗುತ್ತದೆ. ಆದರೂ ನನ್ನ ಮನಸ್ಸು ಅದರ ಕಡೆಗೇ ಇತ್ತು. ಹಳೆಯದರ ತಪ್ಪುಗಳನ್ನೆಲ್ಲ ಜನ ಈಗಾಗಲೇ ಕಂಡುಹಿಡಿದು ಬೈದು ಮುಗಿಸಿದ್ದಾರೆ. ಹೊಸದರ ತಪ್ಪುಗಳು ಇನ್ನೂ ಒಳಗೇ ಇವೆ. ನನ್ನ ಕಸುಬಿನವರು ಯಾರೂ ಹೊಸ ಆವೃತ್ತಿಯನ್ನು ಮನೆಯವರ ಕೈಗೆ ಮೊದಲು ಕೊಡುವುದಿಲ್ಲ.

ಶೋರೂಮಿಗೆ ಹೋದದ್ದು ಒಂದು ಶನಿವಾರ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ, ನನ್ನದೇ ವಯಸ್ಸಿನ ಹೆಂಗಸೊಬ್ಬರು ಎರಡೂ ಕಾರುಗಳನ್ನು ಅಂಗಳದಲ್ಲಿ ಪಕ್ಕಪಕ್ಕ ನಿಲ್ಲಿಸಿದ್ದರು. ನಾನು ಬ್ಯಾಟರಿಯ ಆರೋಗ್ಯದಿಂದ ಶುರುಮಾಡಿ, ವೈಪರಿನ ರಬ್ಬರಿನವರೆಗೆ ಕೇಳಿದೆ. ಅವರು ಒಂದಕ್ಕೂ ಬೇಸರಪಡದೆ ಉತ್ತರ ಕೊಟ್ಟರು.

"ಕಾರ ನೋಡಾಕ ಬಂದೀರೋ ಕನ್ಯಾ ನೋಡಾಕ ಬಂದೀರೋ?" ಎಂದು ಹೆಂಡತಿ ಕನ್ನಡದಲ್ಲಿ ಕೇಳಿದಳು. "ನನ್ನ ನೋಡಾಕ ಬಂದಾಗ ಇಷ್ಟು ಕೇಳಿದ್ದಿಲ್ಲ ನೀವು."

"ಆಗ ನಿಮ್ಮಪ್ಪ ಎದುರಿಗೇ ಕೂತಿದ್ದರು."

"ಕೇಳಬೇಕಿತ್ರಿ. ಹೇಳ್ತಿದ್ವಿ, ಹುಡುಗಿ ಚಳಿಯಾಗ ಕುಗ್ಗತೈತಿ ಅಂತ."

ಮೊದಲು ಹಳೆಯದನ್ನು ಓಡಿಸಿ ನೋಡಿದ್ದಾಯಿತು. ಅವಳು ಚಾಲಕರ ಸೀಟಿನಲ್ಲಿ, ನಾನು ಪಕ್ಕದಲ್ಲಿ, ಆ ಹೆಂಗಸು ಹಿಂದೆ. ದಾರಿಯುದ್ದಕ್ಕೂ ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದೇ ನನ್ನ ನಂಬಿಕೆ. ಹೆಂಡತಿ ಸ್ಟಿಯರಿಂಗಿಗೆ ಅಂಟಿಕೊಂಡು, ಕತ್ತು ಮುಂದೆ ಚಾಚಿ, ಸಂತೆಯ ಗದ್ದಲದಲ್ಲಿ ಯಾರನ್ನೋ ಹುಡುಕುವವಳ ಹಾಗೆ ಓಡಿಸಿದಳು. ಶೋರೂಮಿಗೆ ಮರಳಿದಾಗ ಅವಳ ಮುಖ ಬಾಡಿತ್ತು. ಒಲ್ಲೆ ಎಂಬ ಉತ್ತರ ಅಲ್ಲೇ ತಯಾರಾಗುತ್ತಿರುವುದು ನನಗೆ ಕಾಣುತ್ತಿತ್ತು.

"ಚೆನ್ನಾಗಿ ಓಡಿಸಿದೆ," ಎಂದೆ.

"ಸುಮ್ನಿರ್ರಿ."

ಆ ಹೆಂಗಸು ಹೊಸದರ ಬೀಗ ತೆಗೆದು, ನನ್ನ ಕಡೆ ತಿರುಗಿ ಹೇಳಿದರು: "ಈ ಸಲ ನೀವು ಹಿಂದೆ ಕೂತ್ಕೊಳ್ಳಿ, ಲವ್. ನಿಮ್ಮ ಬಲಗಾಲು ಇಡೀ ದಾರಿ ಬ್ರೇಕ್ ತುಳೀತಾ ಇತ್ತು. ನಿಮ್ಮ ಕಡೆ ಬ್ರೇಕ್ ಇಲ್ಲ."

ಯಾರ್ಕ್‌ಶೈರಿನಲ್ಲಿ ಬಸ್ಸಿನ ಡ್ರೈವರು, ತರಕಾರಿಯವರು, ಹಲ್ಲಿನ ಡಾಕ್ಟರು ಎಲ್ಲರೂ ಎಲ್ಲರನ್ನೂ ಲವ್ ಎಂದೇ ಕರೆಯುತ್ತಾರೆ. ಆದರೂ ಹಾಗೆ ಕರೆಸಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂರುವಾಗ ನನಗೆ ಶಾಲೆಯಲ್ಲಿ ಮೇಷ್ಟ್ರು ನನ್ನ ಬೆಂಚು ಬದಲಿಸಿದ್ದು ನೆನಪಾಯಿತು. ಮೊಣಕಾಲು ಎದೆಗೆ ತಾಗುತ್ತಿತ್ತು. ಮುಂದೆ ಅವರಿಬ್ಬರೂ ಬ್ಯಾಟರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಸೀಟಿನ ಪಕ್ಕದ ಹಿಡಿಯನ್ನು ಆ ಹೆಂಗಸು ತೋರಿಸಿದರು. ಹೆಂಡತಿ ಅದನ್ನು ಎಳೆದಳು, ಮತ್ತೆ ಎಳೆದಳು, ಪ್ರತಿ ಎಳೆತಕ್ಕೂ ಸೀಟು ಒಂದಿಷ್ಟು ಮೇಲೇರಿತು. ಸ್ಟಿಯರಿಂಗನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆನ್ನು ಸೀಟಿಗೆ ಒರಗಿತು. ಹೋಮ್‌ಫರ್ತಿನ ಕಡೆಯ ಏರು ಹತ್ತಿ, ಮೇಲೆ ಕುರಿಗಳೂ ಗಾಳಿಯೂ ಬಿಟ್ಟರೆ ಬೇರೇನೂ ಇಲ್ಲದ ಬಯಲಿಗೆ ಬಂದು, ಅಲ್ಲಿ ತಿರುಗಿಸಿಕೊಂಡು ಇಳಿದು ಬಂದಳು. ಆ ಹೆಂಗಸು ತಮ್ಮ ಮಗಳ ಮದುವೆಯ ವಿಷಯ ಹೇಳುತ್ತಿದ್ದರು. ಇವಳು ಹೂಂಗುಟ್ಟುತ್ತ, ನಡುವೆ ಒಂದು ಸಲ ನಕ್ಕಳು. ಕಾರು ಓಡಿಸುತ್ತ ಅವಳು ನಕ್ಕದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಕೆಳಗಿಳಿದವಳೇ, "ಇದ ಇರಲಿ," ಎಂದಳು.

"ಹಳೇದರ ಬಗ್ಗೆ ಒಂದು ಸಲ ಯೋಚನೆ..."

"ಅದರಾಗ ಸೀಟು ಮ್ಯಾಲೆ ಏರಂಗಿಲ್ರಿ. ನನಗ ಬರೇ ಸ್ಟಿಯರಿಂಗ್ ಕಾಣಸ್ತದ. ಇದರಾಗ ರಸ್ತಾ ಕಾಣಸ್ತದ."

"ಹಳೇದಕ್ಕೆ ಒಂದು ದಿಂಬು ಹಾಕಿಕೊಂಡರೆ?"

"ದಿಂಬಿನ ಮ್ಯಾಲ ಕೂತು ಹೋಗಾಕ ಅದೇನು ಪಲ್ಲಕ್ಕಿ ಏನ್ರಿ?"

ಮೂರು ವಾರ ಓದಿದ್ದೆ. ಚಳಿಯಲ್ಲಿ ಬ್ಯಾಟರಿ ಎಷ್ಟು ಕುಗ್ಗುತ್ತದೆ, ಚಾರ್ಜಾಗಲು ಎಷ್ಟು ಹೊತ್ತು ಬೇಕು, ಟೈರು ಎಷ್ಟು ಬೇಗ ಸವೆಯುತ್ತದೆ, ಎಲ್ಲ. ನನಗಿಂತ ಒಂದೂವರೆ ಗೇಣು ಗಿಡ್ಡಗಿರುವ ಹೆಂಡತಿಗೆ ಒಳಗೆ ಕೂತರೆ ರಸ್ತೆ ಕಾಣುತ್ತದೆಯೇ ಎಂದು ಮಾತ್ರ ಓದಿರಲಿಲ್ಲ. ಹಿಂದಿನ ಸೀಟಿಗೆ ಕಳಿಸಿದ ಆ ಹೆಂಗಸನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. ಅವರು ನನ್ನನ್ನು ಮುಂದೆಯೇ ಕೂರಿಸಿದ್ದರೆ ಇವಳು ಎರಡನೆಯ ಕಾರನ್ನೂ ನನ್ನ ಕಾಲಿನ ಭಯದಲ್ಲೇ ಓಡಿಸಿ ಬರುತ್ತಿದ್ದಳು. ಅವತ್ತು ಸಂಜೆ ಅವಳು ಆಸ್ಪತ್ರೆಗೆ ಒಪ್ಪಿಗೆ ಬರೆದು ಕಳಿಸಿದಳು. ಕಳಿಸಿದ ಮೇಲೆ ಗೋಧಿ ಹುಗ್ಗಿ ಮಾಡಿದಳು.

ಕಾರು ಮನೆಗೆ ಬಂದದ್ದು ಅವಳು ಕೆಲಸಕ್ಕೆ ಸೇರುವ ಹಿಂದಿನ ದಿನ, ಭಾನುವಾರ. ನಮ್ಮ ಮನೆಯಲ್ಲಿ ಸೈಕಲ್ಲು ಕೂಡ ಪೂಜೆ ಆಗದೆ ಗೇಟು ದಾಟುವುದಿಲ್ಲ. ಊರಿನಿಂದ ತಂದಿಟ್ಟಿದ್ದ ವಿಭೂತಿ ಗಟ್ಟಿಯನ್ನು ಬಟ್ಟಲಲ್ಲಿ ನೆನೆಸಿದೆವು, ಊದುಬತ್ತಿ ಹಚ್ಚಿದೆವು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ವಿಭೂತಿ ಎಲ್ಲಿಗೆ ಎಂಬ ಬಗ್ಗೆ ಸ್ವಲ್ಪ ಚರ್ಚೆ ಆಯಿತು. ಅವಳ ತವರಿನಲ್ಲಿ ಬಾನೆಟ್ಟಿಗೆ ಹಚ್ಚುತ್ತಾರಂತೆ. ನಾನು ಮೈಸೂರಿನವನು, ಹಣೆಗೆ ಹಚ್ಚಬೇಕು ಎಂದೆ.

"ಕಾರಿಗೆ ಹಣಿ ಎಲ್ಲಿ ಬಂತ್ರಿ?"

ಮುಂದಿನ ಗಾಜಿನ ಮೇಲ್ತುದಿಯಲ್ಲಿ, ಸರಿಯಾಗಿ ನಡುವೆ, ನಾನು ತೋರಿಸಿದೆ. ಹಣೆ ಬೇರೆಲ್ಲಿರುತ್ತದೆ. ಮೂರು ಬೆರಳು ಅದ್ದಿ, ನಾಳೆಯ ಗುಡ್ಡವನ್ನೂ ಐಸನ್ನೂ ಲಾರಿಯನ್ನೂ ನೆನೆದು, ಗಾಜಿಗೆ ಸುಣ್ಣ ಬಳಿಯುವವನ ಹಾಗೆ ದಪ್ಪಗೆ ಎಳೆದೆ. ಒಂದು ಸಲ ಎಳೆದದ್ದು ಸಾಲದೆನಿಸಿ ಅದರ ಮೇಲೆ ಇನ್ನೊಂದು ಸಲ ಎಳೆದೆ. ಮಗಳು ಬಾಗಿಲಲ್ಲಿ ನಿಂತು ನೋಡಿ, ಕಾರು ಈಗ ಥೇಟ್ ಅಜ್ಜನ ಹಾಗೇ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋದಳು. ಹೆಂಡತಿ ಕಾರನ್ನು ಮೆಲ್ಲಗೆ ಮುಂದೆ ಬಿಟ್ಟಳು. ಎಂಜಿನ್ನಿನ ಸದ್ದೇ ಇಲ್ಲದ್ದರಿಂದ ನಿಂಬೆಹಣ್ಣು ಒಂದೊಂದಾಗಿ ಒಡೆಯುವುದು ಬೀದಿಗೆಲ್ಲ ಕೇಳಿಸಿತು. ನಾಯಿ ಹಿಡಿದುಕೊಂಡು ಬಂದ ಪಕ್ಕದ ಮನೆಯ ಮುದುಕರು, ಇದು ಟೈರಿಗೆ ಒಳ್ಳೆಯದೇ ಎಂದು ಕೇಳಿದರು. ಒಳ್ಳೆಯದು ಎಂದೆ.

ಸೋಮವಾರ ಕತ್ತಲಿರುವಾಗಲೇ ಅವಳು ಹೊರಟಳು. ರಾತ್ರಿಯೇ ಹೊತ್ತು ಗೊತ್ತುಮಾಡಿಟ್ಟಿದ್ದರಿಂದ ಕಾರು ತನ್ನಷ್ಟಕ್ಕೆ ಒಳಗೆ ಬಿಸಿಯಾಗಿ, ಗಾಜಿನ ಮೇಲಿನ ಹಿಮವೆಲ್ಲ ಕರಗಿ ನಿಂತಿತ್ತು. ಬುತ್ತಿ ಡಬ್ಬಿ ಪಕ್ಕದ ಸೀಟಿನಲ್ಲಿ, ನಾನು ಕೂರಬಹುದಾಗಿದ್ದ ಜಾಗದಲ್ಲಿ. ಜೋಪಾನ ಎನ್ನಬೇಕೆಂದುಕೊಂಡೆ. ಕಿಟಕಿ ಇಳಿಸಿ ಅವಳೇ, "ನೀವು ಜ್ವಾಪಾನ," ಎಂದಳು. ಹಿಂದಿನ ಕೆಂಪು ದೀಪಗಳು ತಿರುವಿನಲ್ಲಿ ಮರೆಯಾದವು.

ಆಮೇಲೆ ನಾನು ಫೋನನ್ನು ಸ್ನಾನದ ಮನೆಗೂ ಒಯ್ದೆ. ಮಗಳಿಗೆ ಟೋಸ್ಟು ಸುಟ್ಟುಹಾಕಿದೆ. ಲೀಡ್ಸಿಗೆ ಹೋಗಬೇಕಾದವನು ಮನೆಯಿಂದಲೇ ಕೆಲಸ ಮಾಡುತ್ತೇನೆಂದು ತಿಳಿಸಿ, ಕೆಲಸವನ್ನೂ ಮಾಡದೆ ಕೂತೆ. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಅವಳ ಸಂದೇಶ ಬಂತು: "ಮುಟ್ಟೀನಿ." ಅಷ್ಟೇ. ಅದನ್ನು ಮತ್ತೆ ಮತ್ತೆ ಓದಿದೆ. ಒಂದೇ ಒಂದು ಪದ, ಮತ್ತೆ ಓದಿದರೆ ಹೊಸದಾಗಿ ತಿಳಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಯಾರಿಗೆ ಋಣಿಯಾಗಿರಬೇಕು ಎಂದು ಗೊತ್ತಾಗದೆ ಅಡುಗೆಮನೆಯಲ್ಲಿ ನಿಂತಿದ್ದೆ. ಗುಡ್ಡಕ್ಕೆ, ಕುರಿಗಳಿಗೆ, ಹಿಂದೆ ಬಂದಿರಬಹುದಾದ ಮತ್ತು ತಾಳ್ಮೆ ಕಳೆದುಕೊಳ್ಳದ ಲಾರಿಯವನಿಗೆ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿದೆ.

ಸಂಜೆ ಬಂದವಳು ಕೋಟು ಸಹ ತೆಗೆಯದೆ ಸೋಫಾದ ತುದಿಯಲ್ಲಿ ಕೂತು ಮಾತಾಡಿದಳು. ಸೊಂಟದ ಆಪರೇಷನ್ ಆದ ಅಜ್ಜಿಯೊಬ್ಬಳು ಇವಳ ಕೈ ಹಿಡಿದು ಕಿಟಕಿಯವರೆಗೆ ನಡೆದು, ಹೊರಗೆ ನೋಡಿ, ನೋಡುವಂಥದ್ದೇನೂ ಇಲ್ಲ, ವಾಪಸ್ ಹೋಗೋಣ ಎಂದಳಂತೆ. ಅದನ್ನು ಹೇಳಿ ನಕ್ಕು, ಮತ್ತೆ ಮೊದಲಿನಿಂದ ಹೇಳಿದಳು. ಇಷ್ಟು ವರ್ಷ ಈ ಮಾತುಗಳನ್ನೆಲ್ಲ ಅವಳು ಎಲ್ಲಿಟ್ಟುಕೊಂಡಿದ್ದಳೋ. ನಾನು ಚಹಾ ಕೊಟ್ಟೆ.

"ಹಾಂ, ಒಂದ ಕೇಳೋದಿತ್ತು," ಎಂದಳು. "ಮುಂಜಾನಿಯಿಂದ ಒಂದು ಹಳದಿ ದೀಪ ಉರಿಯಾಕತ್ತೇತಿ. ಹೋಗೂ ಮುಂದೂ ಇತ್ತು, ಬರೂ ಮುಂದೂ ಇತ್ತು."

ಕಾರಿನ ಪುಸ್ತಕ ಹಿಡಿದು ಹೊರಗೆ ಓಡಿದೆ. ಅವಳು ಚಹಾ ಲೋಟ ಹಿಡಿದೇ ಹಿಂದೆ ಬಂದಳು. ಸ್ಕ್ರೀನಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಮುಂದಿನ ಕ್ಯಾಮೆರಾಕ್ಕೆ ಏನೋ ಅಡ್ಡ ಬಂದಿದೆ, ಗಾಜು ಒರೆಸಿ. ಕ್ಯಾಮೆರಾ ಎಲ್ಲಿದೆ ಎಂದು ಪುಸ್ತಕದ ಚಿತ್ರದಲ್ಲಿ ಹುಡುಕಿದೆ. ಮುಂದಿನ ಗಾಜಿನ ಮೇಲ್ತುದಿಯಲ್ಲಿ, ಸರಿಯಾಗಿ ನಡುವೆ. ತಾನೇ ಬ್ರೇಕ್ ಹಾಕುವುದು, ಲೇನ್ ತಪ್ಪಿದರೆ ಎಚ್ಚರಿಸುವುದು, ಎಲ್ಲವೂ ಆ ಕಣ್ಣಿನಿಂದಲೇ. ಅದರ ಮೇಲೆ ನನ್ನ ಆರು ಬೆರಳಿನ ವಿಭೂತಿ.

"ಹಂಗಾದ್ರ," ಎಂದು ಅವಳು ನಿಧಾನವಾಗಿ ಕೇಳಿದಳು, "ಅಷ್ಟೂ ದಾರಿ ಕಾರು ನನಗ ಏನೂ ಸಹಾಯ ಮಾಡಿಲ್ಲೇನ್ರಿ?"

"ಇಲ್ಲ."

"ಬರೂ ಮುಂದೂ?"

"ಆಗಲೂ ಇಲ್ಲ."

ಅವಳು ಕಾರನ್ನೊಮ್ಮೆ ನೋಡಿ, "ಅಂದ್ರ ಖರೇನ ಒಬ್ಬಾಕಿನ ಓಡಿಸೀನಿ," ಎಂದು ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು ಒಳಗೆ ಹೋದಳು. ನಾನು ಒದ್ದೆ ಬಟ್ಟೆ ತಂದೆ. ಒಂದು ದಿನದ ಚಳಿಗೆ ವಿಭೂತಿ ಗಾಜಿಗೆ ಕಚ್ಚಿ ಒಣಗಿತ್ತು, ಬಿಸಿನೀರು ತರಬೇಕಾಯಿತು.